ಲೈಂಗಿಕ ವೃತ್ತಿ, ಕಾನೂನು ಮತ್ತು ನಿಮ್ಮ ಕುಟುಂಬದ ಆರೋಗ್ಯ

ಕುಟುಂಬ ಕಲ್ಯಾಣದ ಪುಸ್ತಿಕೆಯಲ್ಲಿ ಲೈಂಗಿಕ ವೃತ್ತಿಯ ಮಾತೇಕೆ ಎಂದು ನೀವು ಕೇಳಬಹುದು. ದುಡಿಮೆಗಾಗಿ ಪಟ್ಟಣಕ್ಕೆ ಹೋದ ಪತಿಗೆ ತಗುಲಿದ ಗುಹ್ಯರೋಗ ಅಥವಾ ಎಚ್.ಐ.ವಿ. ಸೋಂಕು ಮನೆಯಲ್ಲಿರುವ ಪತ್ನಿಗೂ, ಆಕೆಯ ಗರ್ಭದಲ್ಲಿರುವ ಶಿಶುವಿಗೂ ತಲುಪಬಲ್ಲದು. ಆದುದರಿಂದ ಈ ವೃತ್ತಿಯಲ್ಲಿರುವ ಸ್ತ್ರೀಯು 'ನಿರೋಧ್ ಇಲ್ಲದೆ ಆಗದು' ಎಂದು ನಿರ್ಭಯವಾಗಿ ಹೇಳಬಲ್ಲಳೇ ಎಂಬುದು ನಿಮ್ಮ ಮನೆಯ ಪ್ರಶ್ನೆಯೂ ಹೌದು.

ನ್ಯೂಜಿಲೆಂಡ್ ದೇಶವು 2003ರಲ್ಲಿ ವಯಸ್ಕರ ಲೈಂಗಿಕ ವೃತ್ತಿಯನ್ನು ಅಪರಾಧಗಳ ಸಾಲಿನಿಂದ ತೆಗೆದುಹಾಕಿತು. ಅಲ್ಲಿನ ಸಂಸತ್ತಿನಲ್ಲಿ ಪರವಾಗಿ 60, ವಿರುದ್ಧವಾಗಿ 59 ಮತಗಳು ಬಿದ್ದವು. ಅಪರಾಧವಲ್ಲವೆಂದಾದ ಮೇಲೆ ಅದು ದುಡಿಮೆಯೆನಿಸಿತು. ದುಡಿಯುವವರ ಸುರಕ್ಷತೆಯ ನಿಯಮಗಳು ಅದಕ್ಕೂ ಅನ್ವಯಿಸಿದವು. ನಿರೋಧ್ ಬಳಸುವ ಹೊಣೆ ಗಿರಾಕಿಯ ಮೇಲೂ ಇದೆ, ತಪ್ಪಿದರೆ ದಂಡ. ಒಪ್ಪಂದವಾದ ಬಳಿಕವೂ ಆಕೆ ನಿರಾಕರಿಸಬಹುದು. 18 ವರ್ಷ ತುಂಬದವರನ್ನು ಈ ವೃತ್ತಿಗೆ ಬಳಸಿಕೊಳ್ಳುವುದು ಅಲ್ಲಿ ಇಂದಿಗೂ ಅಪರಾಧವೇ. ವೇಶ್ಯಾಗೃಹದ ಯಜಮಾನನಿಂದ ಲೈಂಗಿಕ ಕಿರುಕುಳಕ್ಕೊಳಗಾದ ಒಬ್ಬ ಸ್ತ್ರೀಗೆ 2014ರಲ್ಲಿ ಅಲ್ಲಿನ ಮಾನವ ಹಕ್ಕುಗಳ ನ್ಯಾಯಮಂಡಳಿಯು 25,000 ಡಾಲರ್ ಪರಿಹಾರ ಕೊಡಿಸಿತು. ವೃತ್ತಿ ಯಾವುದೇ ಇರಲಿ, ಮೈಮೇಲಿನ ಹಕ್ಕು ಆಕೆಯದೇ ಎಂಬುದನ್ನು ಆ ತೀರ್ಪು ಎತ್ತಿಹಿಡಿಯಿತು.

ಬೆಲ್ಜಿಯಂ ಇನ್ನೂ ಮುಂದೆ ಹೋಗಿದೆ. 2022ರಲ್ಲಿ ಈ ವೃತ್ತಿಯನ್ನು ಅಪರಾಧಮುಕ್ತಗೊಳಿಸಿ, 2024ರ ಡಿಸೆಂಬರ್ 1ರಿಂದ ಉದ್ಯೋಗ ಕರಾರಿಗೂ ಅವಕಾಶ ಕೊಟ್ಟಿತು. ಕರಾರಿನಡಿ ದುಡಿಯುವವರಿಗೆ ಹೆರಿಗೆ ರಜೆ, ಕಾಯಿಲೆಯ ಭತ್ಯೆ, ಪಿಂಚಣಿಗಳುಂಟು. ಗಿರಾಕಿಯನ್ನು ನಿರಾಕರಿಸಿದಳೆಂದು ಕೆಲಸದಿಂದ ತೆಗೆಯುವಂತಿಲ್ಲ. ಕೋಣೆಯಲ್ಲಿ ಅಪಾಯದ ಗುಂಡಿ ಇರಲೇಬೇಕು.

ನಮ್ಮ ದೇಶದ ಸ್ಥಿತಿ ಬೇರೆ. 1956ರ ಅನೈತಿಕ ವ್ಯವಹಾರ ತಡೆ ಕಾಯಿದೆಯಲ್ಲಿ ವಯಸ್ಕ ಸ್ತ್ರೀ ಸ್ವಇಚ್ಛೆಯಿಂದ ಖಾಸಗಿಯಾಗಿ ಈ ವೃತ್ತಿ ನಡೆಸುವುದು ತಾನಾಗಿ ಅಪರಾಧವಲ್ಲ. ವೇಶ್ಯಾಗೃಹ ನಡೆಸುವುದು, ಆಕೆಯ ಗಳಿಕೆಯಿಂದ ಬದುಕುವುದು, ಸಾರ್ವಜನಿಕ ಸ್ಥಳದಲ್ಲಿ ಗಿರಾಕಿಗಳನ್ನು ಕರೆಯುವುದು ಅಪರಾಧ. ಕಾರ್ಮಿಕ ಹಕ್ಕಿನ ಮಾತು ಆ ಕಾಯಿದೆಯಲ್ಲಿಲ್ಲ. ಆದರೆ 2022ರ ಮೇ 19ರಂದು ಸರ್ವೋಚ್ಚ ನ್ಯಾಯಾಲಯವು ನಿರೋಧ್ ಇಟ್ಟುಕೊಂಡಿರುವುದನ್ನು ಅಪರಾಧದ ಸಾಕ್ಷ್ಯವೆಂದು ಎಣಿಸಬಾರದೆಂದೂ, ಅತ್ಯಾಚಾರಕ್ಕೊಳಗಾದ ಲೈಂಗಿಕ ಕಾರ್ಯಕರ್ತೆಗೆ ತಕ್ಷಣ ವೈದ್ಯಕೀಯ ನೆರವು ಸಿಗಬೇಕೆಂದೂ ನಿರ್ದೇಶಿಸಿತು. ಈ ವೃತ್ತಿಯ ಒಳಿತು ಕೆಡುಕಿನ ವಾದಕ್ಕೆ ನಾನು ಇಳಿಯುವುದಿಲ್ಲ. ಪೊಲೀಸರಿಗೆ ಹೆದರಿ ನಿರೋಧನ್ನು ಬಿಸಾಡುವವಳು ಆಸ್ಪತ್ರೆಗೂ ಬರಲಾರಳು ಎಂಬುದಷ್ಟೇ ವೈದ್ಯನ ಚಿಂತೆ.

ಪತಿಪತ್ನಿಯರಲ್ಲಿ ಯಾರಿಗಾದರೂ ಗುಹ್ಯಾಂಗದಲ್ಲಿ ಹುಣ್ಣು, ಅಸಹಜ ಸ್ರಾವ, ಉರಿಮೂತ್ರ ಕಂಡುಬಂದರೆ ನಾಚಿಕೆಪಡದೆ ಸರ್ಕಾರಿ ಆಸ್ಪತ್ರೆಗೆ ಬನ್ನಿ. ಎಚ್.ಐ.ವಿ. ಪರೀಕ್ಷೆ ಉಚಿತ, 2017ರ ಕಾಯಿದೆಯಂತೆ ನಿಮ್ಮ ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ. ಚಿಕಿತ್ಸೆಗೆ ಮಾತ್ರ ಇಬ್ಬರೂ ಒಟ್ಟಿಗೆ ಬರಬೇಕು. ಒಬ್ಬರೇ ಔಷಧಿ ಪಡೆದರೆ ಗುಣವಾದ ರೋಗ ಮತ್ತೆ ತಗುಲುತ್ತದೆ.