ಫೋನಿನಲ್ಲಿ ಕಾರ್ಡ್ ನಂಬರ್ ಹೇಳಬಹುದೇ?

ಹೋಟೆಲ್ ರೂಮ್ ಬುಕ್ ಮಾಡಲು ನಾವೇ ಫೋನ್ ಮಾಡಿದರೆ ಆ ಕಡೆಯವರು "ಕಾರ್ಡ್ ಡೀಟೇಲ್ಸ್ ಹೇಳಿ ಸಾರ್" ಎನ್ನುತ್ತಾರೆ. "ಬ್ಯಾಂಕಿನಿಂದ ಮಾತಾಡ್ತಿದೀವಿ" ಎಂದು ಬರುವ ಕರೆಯಲ್ಲೂ ಕೇಳುವುದು ಅದನ್ನೇ. ಮೊದಲನೆಯವರು ನಿಜಕ್ಕೂ ವ್ಯಾಪಾರಿ ಇರಬಹುದು, ಎರಡನೆಯವರು ಬಹುತೇಕ ಮೋಸಗಾರರು. ಆದರೂ ಇಬ್ಬರಿಗೂ ಕೊಡಬೇಕಾದ ಉತ್ತರ ಒಂದೇ: ಬಾಯಲ್ಲಿ ಹೇಳುವುದಿಲ್ಲ. ಕಾರ್ಡಿನ ಅಂಕಿಗಳು ಏನು ಕೆಲಸ ಮಾಡುತ್ತವೆ ಎಂದು ನೋಡಿದರೆ ಇದರ ಕಾರಣ ತಿಳಿಯುತ್ತದೆ.

ನಂಬರ್ ಗುಟ್ಟಲ್ಲ

ಹೆಚ್ಚಿನ ಕಾರ್ಡ್‌ಗಳಲ್ಲಿ 16 ಅಂಕಿಗಳಿರುತ್ತವೆ. ಮೊದಲ 6ರಿಂದ 8 ಅಂಕಿಗಳು ಕಾರ್ಡ್ ಕೊಟ್ಟ ಬ್ಯಾಂಕ್ ಯಾವುದು, ಕಾರ್ಡ್ ಯಾವ ಬಗೆಯದು ಎಂದು ಹೇಳುತ್ತವೆ. ವೀಸಾ ಕಾರ್ಡ್‌ಗಳೆಲ್ಲ 4ರಿಂದ ಶುರುವಾಗುತ್ತವೆ. ಒಂದೇ ಬ್ಯಾಂಕಿನ ಒಂದೇ ಬಗೆಯ ಕಾರ್ಡ್ ಇರುವವರಿಗೆಲ್ಲ ಸಾಮಾನ್ಯವಾಗಿ ಆರಂಭದ ಅಂಕಿಗಳು ಒಂದೇ. ಕೊನೆಯ ನಾಲ್ಕು ಅಂಕಿಗಳು ಅಂಗಡಿಯ ರಸೀದಿಯಲ್ಲೇ ಅಚ್ಚಾಗಿರುತ್ತವೆ. ಕಟ್ಟಕಡೆಯ ಅಂಕಿ ಐಬಿಎಂ ಎಂಜಿನಿಯರ್ ಹಾನ್ಸ್ ಪೀಟರ್ ಲೂನ್ ರೂಪಿಸಿದ ಲೆಕ್ಕದ ಫಲ. 1960ರಲ್ಲಿ ಪೇಟೆಂಟ್ ಪಡೆದ ಆ ಲೆಕ್ಕ, ನಂಬರ್ ಬರೆಯುವಾಗ ಆದ ತಪ್ಪನ್ನು ಹಿಡಿಯುತ್ತದೆಯೇ ಹೊರತು ಕಳ್ಳನನ್ನಲ್ಲ.

ಹಾಗಾಗಿ ಕರೆ ಮಾಡಿದವರು ನಿಮ್ಮ ಹೆಸರಿನ ಜೊತೆ ಕಾರ್ಡಿನ ಮೊದಲ ಮತ್ತು ಕೊನೆಯ ಅಂಕಿಗಳನ್ನು ತಾವೇ ಓದಿ ಹೇಳಿ "ಕರೆಕ್ಟಾ ಮೇಡಂ?" ಎಂದರೆ ಬೆರಗಾಗಬೇಕಿಲ್ಲ. ಅದು ಬ್ಯಾಂಕಿನವರು ಎನ್ನುವುದಕ್ಕೆ ಪುರಾವೆಯಲ್ಲ.

ಸಿವಿವಿ ಮತ್ತು ಓಟಿಪಿ

ಕಾರ್ಡಿನ ಹಿಂದಿರುವ ಮೂರಂಕಿಯ ಸಿವಿವಿ ಮ್ಯಾಗ್ನೆಟಿಕ್ ಪಟ್ಟಿಯಲ್ಲಿ ಇರುವುದಿಲ್ಲ. ಕಾರ್ಡ್ ನಿಮ್ಮ ಕೈಯಲ್ಲೇ ಇದೆ ಎಂದು ತೋರಿಸುವುದೇ ಅದರ ಕೆಲಸ. ಪಾವತಿಗೆ ಒಪ್ಪಿಗೆ ಸಿಕ್ಕ ಮೇಲೆ ವ್ಯಾಪಾರಿ ಅದನ್ನು ಎಲ್ಲೂ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಪಿಸಿಐ ಡಿಎಸ್‌ಎಸ್ ಎಂಬ ಜಾಗತಿಕ ನಿಯಮಾವಳಿ. ಆದರೆ ಫೋನಿನಲ್ಲಿ ಹೇಳಿದ ಸಿವಿವಿ ರಿಸೆಪ್ಷನ್ನಿನ ಚೀಟಿಯ ಮೇಲೋ ಕರೆಯ ರೆಕಾರ್ಡಿಂಗ್‌ನಲ್ಲೋ ಉಳಿದುಬಿಡಬಹುದು. ಕೇಳಿದವರು ಪ್ರಾಮಾಣಿಕರೇ ಆದರೂ ಆ ಚೀಟಿ ನಾಳೆ ಯಾರ ಕೈ ಸೇರುತ್ತದೋ.

ಭಾರತದಲ್ಲಿ ಇದರ ಮೇಲೆ ಇನ್ನೊಂದು ಬೀಗವಿದೆ. ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್‌ನಿಂದ ಕಡ್ಡಾಯ ಮಾಡಿತು. 2011ರಲ್ಲಿ ಅದು, ಫೋನಿನಲ್ಲಿ ಯಂತ್ರದ ಧ್ವನಿ ಹೇಳಿದಂತೆ ಕೀಲಿ ಒತ್ತಿ ಮಾಡುವ ಐವಿಆರ್ ಪಾವತಿಗೂ ಬಂತು. ನಾವು ಕಾಣುವ ಓಟಿಪಿ ಅದೇ. ನಂಬರ್ ಹೇಳುವುದು ಗುರುತು ಕೊಟ್ಟಂತೆ, ಓಟಿಪಿ ಹೇಳುವುದು ಚೆಕ್ಕಿಗೆ ಸಹಿ ಹಾಕಿದಂತೆ. ಮೊತ್ತ ಎಷ್ಟು, ಹಣ ಯಾರಿಗೆ ಎಂಬುದು ಸಾಮಾನ್ಯವಾಗಿ ಓಟಿಪಿ ಬಂದ ಮೆಸೇಜಿನಲ್ಲೇ ಇರುತ್ತದೆ. ಆರು ಅಂಕಿಗಳನ್ನಷ್ಟೇ ನೋಡದೆ ಆ ಸಾಲನ್ನೂ ಓದಿ. "ರಿವಾರ್ಡ್ ಪಾಯಿಂಟ್ ಜಮಾ ಮಾಡ್ತೀವಿ", "ವಾರ್ಷಿಕ ಶುಲ್ಕ ರದ್ದು ಮಾಡ್ತೀವಿ" ಎಂದವರ ಮಾತಿನ ನಡುವೆ ಬಂದ ಮೆಸೇಜಿನಲ್ಲಿ ಯಾವುದೋ ವ್ಯಾಲೆಟ್ಟಿನ ಹೆಸರು, ಇಪ್ಪತ್ತು ಸಾವಿರದ ಮೊತ್ತ ಇದ್ದರೆ ಆಟ ಅಲ್ಲೇ ಬಯಲಾಗುತ್ತದೆ. ಹಣ ಜಮಾ ಆಗಲು ಓಟಿಪಿ ಬೇಕಾಗುವುದಿಲ್ಲ.

ಕರೆ ಮಾಡಿದ್ದು ಯಾರು?

ಮೊಬೈಲ್ ಪರದೆಯ ಮೇಲೆ ಬ್ಯಾಂಕಿನ ಹೆಸರು ಕಂಡಿತೆಂದು ನಂಬುವಂತಿಲ್ಲ, ಅದನ್ನು ನಕಲು ಮಾಡಬಹುದು. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ, ಪ್ರಚಾರದ ಕರೆಗಳಿಗೆ 140ರಿಂದ ಶುರುವಾಗುವ ನಂಬರ್‌ಗಳನ್ನು ಮೀಸಲಿಡಲಾಗಿದೆ. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ "ಬ್ಯಾಂಕ್" ಮಾತಾಡಿದರೆ ಅನುಮಾನಿಸಲು ಅಷ್ಟೇ ಸಾಕು. ಆದರೆ ಕರೆ 1600ರಿಂದಲೇ ಬಂದರೂ ಸಿವಿವಿ, ಪಿನ್, ಓಟಿಪಿ ಹೇಳಬೇಕಾಗಿಲ್ಲ. ಸಂದೇಹ ಬಂದರೆ ಕರೆ ಕತ್ತರಿಸಿ, ಕಾರ್ಡಿನ ಹಿಂದೆ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ. ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಕಸ್ಟಮರ್ ಕೇರ್ ನಂಬರಿಗೆ ಬೇಡ, ಅಲ್ಲಿ ಮೋಸಗಾರರು ತಮ್ಮ ನಂಬರನ್ನೇ ಬಿತ್ತಿರುತ್ತಾರೆ.

ಫೋನಿನಲ್ಲೇ ಹಣ ಕಟ್ಟಬೇಕಾದರೆ

ದಾರಿಗಳಿವೆ. ನೀವೇ ಕರೆ ಮಾಡಿದ ಅಧಿಕೃತ ಐವಿಆರ್‌ನಲ್ಲಿ ಅಂಕಿಗಳನ್ನು ಕೀಲಿ ಒತ್ತಿ ಕೊಡಬಹುದು. ಒಳ್ಳೆಯ ವ್ಯವಸ್ಥೆಗಳಲ್ಲಿ ಕೀಲಿಯ ಸದ್ದು ಕೂಡ ಸಿಬ್ಬಂದಿಗೆ ಕೇಳದಂತೆ ಮರೆಮಾಡಿರುತ್ತಾರೆ. ಹೋಟೆಲ್, ಟ್ರಾವೆಲ್ ಏಜೆನ್ಸಿಯವರಿಗೆ "ಪೇಮೆಂಟ್ ಲಿಂಕ್ ಕಳಿಸಿ, ಇಲ್ಲವೇ ಯುಪಿಐ ಐಡಿ ಕೊಡಿ" ಎನ್ನಿ. ಲಿಂಕ್ ತೆರೆದಾಗ ವ್ಯಾಪಾರಿಯ ಹೆಸರು ಸರಿಯಿದೆಯೇ ನೋಡಿಕೊಳ್ಳಿ.

ವಿದೇಶದ ಮಾತು ಬೇರೆ

ಅಮೆರಿಕದಲ್ಲಿ ಪಿಜ್ಜಾ ಅಂಗಡಿಗೆ ಫೋನಿನಲ್ಲೇ ಕಾರ್ಡ್ ವಿವರ ಹೇಳುವುದು ಮಾಮೂಲು, ಓಟಿಪಿ ಕೇಳುವುದಿಲ್ಲ. ಅಲ್ಲಿ ಕಾವಲು ನಿಂತಿರುವುದು ಕಾನೂನು: ಅನಧಿಕೃತ ಬಳಕೆಗೆ ಕ್ರೆಡಿಟ್ ಕಾರ್ಡ್‌ದಾರರ ಹೊಣೆ ಹೆಚ್ಚೆಂದರೆ 50 ಡಾಲರ್. ಮಕ್ಕಳ ಮನೆಗೆ ಹೋದ ನಮ್ಮ ಅಪ್ಪ ಅಮ್ಮಂದಿರು ಭಾರತದ ಕಾರ್ಡನ್ನು ಹಾಗೆಯೇ ಬಳಸಲು ಹೊರಟರೆ ಎಚ್ಚರ ಬೇಕು. ವಿದೇಶಿ ವ್ಯಾಪಾರಿಯ ಬಳಿ ಓಟಿಪಿ ಇಲ್ಲದೆಯೂ ಹಣ ಹೋಗಬಹುದು. ವಿದೇಶಿ ವಹಿವಾಟನ್ನು ಬೇಕಾದಾಗ ಮಾತ್ರ ಆನ್ ಮಾಡಿ ಉಳಿದಂತೆ ಮುಚ್ಚಿಡುವ ಸೌಲಭ್ಯವನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ಕಡ್ಡಾಯ ಮಾಡಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದು ಸಿಗುತ್ತದೆ. ಅಲ್ಲೇ ಖರ್ಚಿನ ಮಿತಿಯನ್ನೂ ಇಳಿಸಿಡಬಹುದು.

ಹೇಳಿಬಿಟ್ಟಿದ್ದರೆ?

ಮೊದಲು ಆ್ಯಪ್‌ನಲ್ಲೇ ಕಾರ್ಡ್ ಬ್ಲಾಕ್ ಮಾಡಿ. ಬ್ಯಾಂಕಿಗೆ ಫೋನ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ಹಣ ಕೈ ದಾಟುತ್ತಾ ಹೋಗುವ ಮೊದಲೇ ತಡೆಹಿಡಿಯಲು ಇರುವ ಸಹಾಯವಾಣಿ ಅದು. ಬ್ಯಾಂಕ್ 30 ದಿನಗಳಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿ ಹೋಗಬಹುದು.

ನಷ್ಟದ ಹೊಣೆಯನ್ನು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೀಗೆ ಹಂಚಿತು. ತಪ್ಪು ಗ್ರಾಹಕರದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ, 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಸೊನ್ನೆ. 4ರಿಂದ 7 ಕೆಲಸದ ದಿನವಾದರೆ, 5 ಲಕ್ಷದವರೆಗೆ ಮಿತಿಯಿರುವ ಕ್ರೆಡಿಟ್ ಕಾರ್ಡಿಗೆ ಹೆಚ್ಚೆಂದರೆ 10,000 ರೂಪಾಯಿ, ಅದಕ್ಕೂ ಮೇಲಿನ ಮಿತಿಗೆ 25,000. ಆದರೆ ಓಟಿಪಿಯಂಥ ವಿವರವನ್ನು ತಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು.

ಆದ್ದರಿಂದ ಮೋಸಹೋದೆನೆಂಬ ನಾಚಿಕೆಗೆ ಬೆಳಗಿನವರೆಗೆ ಸುಮ್ಮನಿರಬೇಡಿ. ಮನೆಯ ಹಿರಿಯರು ಹೀಗೆ ಸಿಕ್ಕಿಬಿದ್ದರೆ ಬೈಯುವುದನ್ನು ನಾಳೆಗಿಟ್ಟು ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ.