ಎದೆನೋವಿಗೆ ವಾಚು ಸಾಲದು

ಗೋವಾದ ಮಡ್ಕಯಿ ಕೈಗಾರಿಕಾ ವಸಾಹತಿನಲ್ಲಿ ರಾತ್ರಿ ಪಾಳಿಯ ಕಾರ್ಮಿಕನೊಬ್ಬನಿಗೆ ಎದೆ ಹಿಂಡಿದಂತಾಗಿ ಮೈ ಬೆವರಿತು ಎನ್ನಿ. ಊರಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಹೃದ್ರೋಗ ತಜ್ಞರನ್ನು ಕಾಣಲು ಮಾತ್ರ ಬಾಣಸ್ತಾರಿ ಸೇತುವೆ ದಾಟಿ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿಗೆ ಹೋಗಬೇಕಾಗಬಹುದು. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯತೊಡಗುತ್ತದೆ.

ಗೋವಾ ಸರ್ಕಾರ 2018ರ ಡಿಸೆಂಬರಿನಲ್ಲಿ ಶುರು ಮಾಡಿದ 'ಸ್ಟೆಮಿ ಗೋವಾ' ಯೋಜನೆ ಇದಕ್ಕೊಂದು ಉತ್ತರ. ತಾಲ್ಲೂಕು ಮಟ್ಟದ ಆಸ್ಪತ್ರೆಗಳಲ್ಲಿ ತೆಗೆದ ಇಸಿಜಿ ಅಂತರ್ಜಾಲದ ಮೂಲಕ ತಜ್ಞರಿಗೆ ತಲುಪುತ್ತದೆ. ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲೇ ಕೊಟ್ಟು ರೋಗಿಯನ್ನು ಬಾಂಬೋಳಿಗೆ ಸಾಗಿಸುತ್ತಾರೆ. ಇಸಿಜಿ ಓದಿ ಹೇಳುವ ತಂತ್ರಜ್ಞಾನ ಬೆಂಗಳೂರಿನ ಟ್ರೈಕಾಗ್ ಕಂಪನಿಯದು.

ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಿಡಿದ ದಾರಿ ಇನ್ನೂ ಸರಳ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರ ಕೊಡಿಸಿದರು, ವೈದ್ಯರನ್ನು ವಾಟ್ಸಾಪ್ ಗುಂಪುಗಳಲ್ಲಿ ಸೇರಿಸಿದರು. ಹಬ್ಬದ ಶುಭಾಶಯ ಹರಿದಾಡುವ ಅದೇ ವಾಟ್ಸಾಪ್!

ಆದರೆ ಆ ಗುಂಪಿಗೆ ಕಳಿಸುವ ಇಸಿಜಿಯ ಫೋಟೋ ಹೇಗೆಂದರೆ ಹಾಗೆ ತೆಗೆದರೆ ಕೆಲಸ ಕೆಡುತ್ತದೆ. ಇಸಿಜಿ ಕಾಗದದ ಪುಟ್ಟ ಚೌಕದ ಅಗಲ 1 ಮಿಲಿಮೀಟರ್, ಅಂದರೆ 0.04 ಸೆಕೆಂಡು. ವೈದ್ಯರು ಹುಡುಕುವುದು 'ಎಸ್‌ಟಿ' ಎಂಬ ಗೆರೆಯ ತುಂಡು ಒಂದೆರಡು ಚೌಕದಷ್ಟು ಮೇಲೆದ್ದಿದೆಯೇ ಎಂದು. ಕಾಗದ ಮಡಚಿದ್ದರೆ, ಫ್ಲ್ಯಾಶ್ ಹೊಳಪು ಬಿದ್ದಿದ್ದರೆ, ಚಿತ್ರ ಮಸುಕಾಗಿದ್ದರೆ ಆ ಒಂದು ಚೌಕವೇ ಕಾಣೆ. ಹಾಗಾಗಿ ಕಾಗದವನ್ನು ಮೇಜಿನ ಮೇಲೆ ಹಾಸಿ, ಹನ್ನೆರಡೂ ಲೀಡ್ (ಹೃದಯವನ್ನು ಬೇರೆ ಬೇರೆ ಕೋನದಿಂದ ತೋರಿಸುವ ಗೆರೆಗಳು) ಬರುವಂತೆ ನೇರ ಮೇಲಿನಿಂದ ತೆಗೆಯಬೇಕು. ರೋಗಿಯ ಹೆಸರು ಮುಚ್ಚಿರಬೇಕು. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿ ದೂರದಿಂದ ಸಲಹೆ ನೀಡಲು ವಾಟ್ಸಾಪನ್ನೂ ಹೆಸರಿಸಿ ಒಪ್ಪಿದೆ.

ಹಾಗಾದರೆ ಇಸಿಜಿ ತೆಗೆಯುವ ದುಬಾರಿ ಸ್ಮಾರ್ಟ್ ವಾಚು? ಆಪಲ್ 2018ರಲ್ಲೇ ತಂದಿತು. ಅದು ನೋಡುವುದು ಒಂದೇ ಲೀಡ್. ಬಡಿತದ ಲಯ ತಪ್ಪಿದ್ದನ್ನು ಹಿಡಿದೀತು, ಹೃದಯಾಘಾತವನ್ನಲ್ಲ. ಕಂಪನಿಯೇ ಹಾಗೆಂದು ಎಚ್ಚರಿಸುತ್ತದೆ. ನನ್ನ ಮಟ್ಟಿಗೆ ಕೈಗಡಿಯಾರಕ್ಕಿಂತ ಆರೋಗ್ಯ ಕೇಂದ್ರದ ಸಾಮಾನ್ಯ ಯಂತ್ರ, ನರ್ಸಿನ ಕೈಯ ಮೊಬೈಲೇ ಮೇಲು. ಚುಚ್ಚುಮದ್ದು, ಆಂಬುಲೆನ್ಸ್ ಇಲ್ಲದಿದ್ದರೆ ಆ ಇಸಿಜಿಯೂ ಬರೀ ಚಿತ್ರವೇ.

ಎದೆನೋವು ಬಂದರೆ ವಾಚು ನೋಡುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ಆರೋಗ್ಯವಾಗಿದ್ದಾಗಲೇ ನಿಮ್ಮೂರಿನ ಆಸ್ಪತ್ರೆಗೊಮ್ಮೆ ಹೋಗಿ ಕೇಳಿ: ಇಸಿಜಿ ಯಂತ್ರ ನಡೆಯುತ್ತಿದೆಯೇ, ಅದಕ್ಕೆ ಹಾಕುವ ಕಾಗದದ ರೋಲ್ ಇದೆಯೇ, ರಾತ್ರಿ ಇಸಿಜಿ ತೆಗೆಯಲು ಯಾರಿರುತ್ತಾರೆ?