ಆಟೋ ಡ್ರಿಪ್‌ಗೆ ಯಾವ ಸೆನ್ಸರ್? ಕೊಳ್ಳೋ ಮುಂಚೆ ಇಷ್ಟು ತಿಳ್ಕೊಳ್ಳಿ

ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಟಾರ್ಚ್ ಹಿಡಿದು, ಹಾವು-ಚೇಳಿನ ಭಯದಲ್ಲೇ ವಾಲ್ವ್ ತಿರುಗಿಸೋ ಕಷ್ಟ ನಮಗೆಲ್ಲ ಗೊತ್ತಿರೋದೇ. ಅದಕ್ಕೇ ಈಗ ಆಟೋ ಡ್ರಿಪ್ ಮೇಲೆ ಎಲ್ಲರ ಕಣ್ಣು. ಆದರೆ ಒಂದು ಮಾತು: ಕಂಟ್ರೋಲರ್‌ಗೆ ಸ್ವಂತ ಬುದ್ಧಿ ಇಲ್ಲ, ಸೆನ್ಸರ್ ಹೇಳಿದ್ದನ್ನೇ ನಂಬುತ್ತೆ. ಸೆನ್ಸರ್ ತಪ್ಪು ಹೇಳಿದರೆ ನೀರು ಹೆಚ್ಚಾಗಿ ಶುಂಠಿ ಗಡ್ಡೆ ಕೊಳೆಯಬಹುದು, ಹೆಚ್ಚು-ಕಮ್ಮಿಯಾಗಿ ದಾಳಿಂಬೆ ಕಾಯಿ ಬಿರಿಯಬಹುದು.

ತೇವ ಅಳೆಯೋ ಮೂರು ಬಗೆ

1. ರೆಸಿಸ್ಟಿವ್: ಎರಡು ಕಡ್ಡಿಗಳ ನಡುವೆ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡುತ್ತೆ. ಬಲು ಅಗ್ಗ. ಆದರೆ ಕಡ್ಡಿ ಬೇಗ ಸವೆಯುತ್ತೆ. ಸವಳು ನೀರು, ಗೊಬ್ಬರದ ಲವಣ ಇದ್ದರೆ ಇರೋದಕ್ಕಿಂತ ಹೆಚ್ಚು ತೇವ ತೋರಿಸುತ್ತೆ. ಕಲಿಯೋಕೆ ಸರಿ, ಹೊಲಕ್ಕೆ ಬೇಡ.

2. ಕೆಪಾಸಿಟಿವ್: ಮಣ್ಣಿನ ಡೈಎಲೆಕ್ಟ್ರಿಕ್ ಗುಣ ಅಳೆಯುತ್ತೆ. ಇದು ನೀರಿಗೆ ಸುಮಾರು 80, ಒಣ ಮಣ್ಣಿಗೆ ಸುಮಾರು 3ರಿಂದ 5. ಹಾಗಾಗಿ ನೀರು ಸ್ವಲ್ಪ ಹೆಚ್ಚಿದರೂ ಗೊತ್ತಾಗುತ್ತೆ. ಹೆಚ್ಚಿನ ತೋಟಗಳಿಗೆ ಇದೇ ಸೂಕ್ತ.

3. ಟೆನ್ಸಿಯೋಮೀಟರ್: ಬೇರು ನೀರೆಳೆಯೋಕೆ ಎಷ್ಟು ಬಲ ಹಾಕಬೇಕು ಅನ್ನೋದನ್ನ ಕಿಲೋಪ್ಯಾಸ್ಕಲ್‌ನಲ್ಲಿ ತೋರಿಸುತ್ತೆ. ಸುಮಾರು 80 ದಾಟಿದರೆ ಒಳಗೆ ಗಾಳಿ ಸೇರುತ್ತೆ, ಮತ್ತೆ ನೀರು ತುಂಬಬೇಕು. ಎರೆಮಣ್ಣು ಬಿರುಕು ಬಿಟ್ಟರೆ ಸಂಪರ್ಕ ತಪ್ಪುತ್ತೆ. ಆಟೋ ಮಾಡೋಕೆ ಬರೀ ಮುಳ್ಳಿನ ಗೇಜ್ ಸಾಲದು, ಸಿಗ್ನಲ್ ಕೊಡೋ ಮಾದರಿ ಬೇಕು.

ಅಂಕಿ ನಿಮ್ಮ ಮಣ್ಣಿಗೆ ಹೊಂದಲಿ

ಶೇ. 30 ತೇವ ಅಂದ್ರೆ ಮರಳು ಮಣ್ಣಿಗೆ ಅತಿಯಾಯ್ತು. ಎರೆಮಣ್ಣಲ್ಲಿ ಅಷ್ಟೇ ಇದ್ದರೂ ಗಿಡಕ್ಕೆ ಸಿಗೋ ನೀರು ಮುಗೀತಾ ಬಂದಿರಬಹುದು. ಆದ್ದರಿಂದ ಹೀಗೆ ಮಾಡಿ. ಚೆನ್ನಾಗಿ ನೀರು ಕೊಟ್ಟು, ಮರಳು ಮಣ್ಣಲ್ಲಿ ಒಂದು ದಿನ, ಎರೆಮಣ್ಣಲ್ಲಿ ಎರಡು-ಮೂರು ದಿನ ಬಿಟ್ಟು ಬರೋ ಅಂಕಿ ಬರೆದಿಡಿ. ಅದು ‘ಸಾಕು’ ಗುರುತು. ಬೇರಿನ ಹತ್ತಿರದ ಮಣ್ಣನ್ನ ಮುಷ್ಟಿಯಲ್ಲಿ ಹಿಸುಕಿ ನೋಡ್ತಾ ಬನ್ನಿ. ‘ಇನ್ನು ನೀರು ಬೇಕು’ ಅನ್ನಿಸಿದ ದಿನದ ಅಂಕಿ ‘ಶುರು’ ಗುರುತು. ಕಂಟ್ರೋಲರ್‌ಗೆ ಇವೆರಡನ್ನೇ ಕೊಡಿ.

ಒಂದು ಸೆನ್ಸರ್ ಬೇರು ದಟ್ಟವಾಗಿರೋ ಆಳದಲ್ಲಿ, ಇನ್ನೊಂದು ಅದರ ಕೆಳಗಿರಲಿ. ಕೆಳಗಿನದು ಪದೇ ಪದೇ ಏರುತ್ತಿದ್ದರೆ ನೀರು ಬೇರು ದಾಟಿ ವ್ಯರ್ಥ ಆಗ್ತಿದೆ ಅಂತ ಅರ್ಥ.

ಅಂಗಡಿಯಲ್ಲಿ ಕೇಳಬೇಕಾದ್ದು

• ಔಟ್‌ಪುಟ್ ಯಾವುದು? ಫ್ಯಾಕ್ಟರಿಗಳಲ್ಲಿ ಬಳಸೋ 4–20 ಮಿಲಿಆಂಪ್ ಸಿಗ್ನಲ್ ಉದ್ದ ವೈರ್‌ಗೂ ಸರಿ. ಇಲಿ ವೈರ್ ಕಡಿದರೆ ಸೊನ್ನೆ ಬರುತ್ತೆ, ದೋಷ ಗೊತ್ತಾಗುತ್ತೆ. 0–5 ವೋಲ್ಟ್‌ನಲ್ಲಿ ಸೊನ್ನೆ ಬಂದರೆ ಮಣ್ಣು ಒಣಗಿದ್ಯೋ, ವೈರ್ ತುಂಡಾಗಿದ್ಯೋ ತಿಳಿಯಲ್ಲ. ಪಂಪ್ ಓಡ್ತಾನೇ ಇರಬಹುದು. ನಿಮ್ಮ ಕಂಟ್ರೋಲರ್ ಯಾವುದನ್ನ ಓದುತ್ತೆ ಅನ್ನೋದನ್ನೂ ನೋಡ್ಕೊಳ್ಳಿ.
• ಮಣ್ಣಲ್ಲಿ ಹೂಳೋದಕ್ಕೆ ಐಪಿ68 ರಕ್ಷಣೆ ಇದೆಯಾ?
• ಬೋರ್ ಬತ್ತಿದರೆ ಪಂಪ್ ನಿಲ್ಲಿಸೋ ಡ್ರೈರನ್ ರಕ್ಷಣೆ ಇದೆಯಾ?
• ಸೆನ್ಸರ್ ಏನೇ ಹೇಳಲಿ, ಇಷ್ಟು ಹೊತ್ತಿನ ಮೇಲೆ ಪಂಪ್ ಓಡಬಾರದು ಅಂತ ಮಿತಿ ಹಾಕಬಹುದಾ?

ಮೊದಲ ಹದಿನೈದು ದಿನ ಅಂಕಿ ನೋಡ್ತಾ ಕೈಯಲ್ಲೇ ನೀರು ಬಿಡಿ. ಸೆನ್ಸರ್ ಹೇಳೋದು, ಮುಷ್ಟಿ ಹೇಳೋದು ಒಂದೇ ಆದ ಮೇಲೆ ಆಟೋಗೆ ಹಾಕಿ.